2006ರ ವಿಭಾಗಪತ್ರ ಕಂಪ್ಯೂಟರಿನಲ್ಲೇ ಇದೆ, ಆದರೆ ಎಲ್ಲಿ?

ಛಾಪಾಕಾಗದ, ಚಿಂತಾಮಣಿ
ಭಾನುವಾರ, ರಾತ್ರಿ 9:10

ನಾನು ಪತ್ರಬರಹಗಾರ. ಒಂದು ಮಳಿಗೆ, ಎರಡು ಕುರ್ಚಿ, ಒಂದು ಕಂಪ್ಯೂಟರ್, ಆಗಾಗ ಕಾಗದ ನುಂಗುವ ಒಂದು ಪ್ರಿಂಟರ್. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಕರಾರುಪತ್ರ ಇವೇ ನನ್ನ ಅನ್ನ.

ಮೊನ್ನೆ ಹಿರಿಯರೊಬ್ಬರು ಬಂದರು. ಅವರ ಅಣ್ಣತಮ್ಮಂದಿರ ವಿಭಾಗಪತ್ರವನ್ನು 2006ರಲ್ಲಿ ನಾನೇ ಟೈಪ್ ಮಾಡಿಕೊಟ್ಟಿದ್ದೆ. ಈಗ ತಮ್ಮ ಪಾಲಿನ ಜಮೀನಿನಲ್ಲಿ ಒಂದಿಷ್ಟನ್ನು ಮಗಳ ಹೆಸರಿಗೆ ದಾನಪತ್ರ ಮಾಡಿಕೊಡಬೇಕಂತೆ. "ನೀನೇ ಬರೆದದ್ದಲ್ಲವೇನಪ್ಪ, ನಿನ್ನ ಮಿಷನ್ನಿನಲ್ಲೇ ಇರುತ್ತದೆ, ತೆಗೆ" ಎಂದು ಎದುರಿನ ಕುರ್ಚಿಯಲ್ಲಿ ಕುಳಿತರು. ನಾನೂ ಗತ್ತಿನಿಂದಲೇ ಹುಡುಕುವ ಪೆಟ್ಟಿಗೆಯಲ್ಲಿ ಅವರ ಹೆಸರು ಹೊಡೆದೆ. ಮೇಲ್ಗಡೆ ಹಸಿರು ಪಟ್ಟಿ ಬಸವನಹುಳುವಿನಂತೆ ಹೊರಟಿತು. ಟೀ ತರಿಸಿದೆ. ಟೀ ಮುಗಿಯಿತು. ಪಟ್ಟಿ ಇನ್ನೂ ಅರ್ಧ ದಾರಿಯಲ್ಲಿತ್ತು. ಕೊನೆಗೆ ಸಿಕ್ಕಿದ್ದು ಅದೇ ಹೆಸರಿನ ಇನ್ನೊಬ್ಬರ ಕೊಳವೆಬಾವಿಯ ಅರ್ಜಿ.

ಇಲ್ಲಿಯವರೆಗೆ ಮೂರು ಸಲ ಕಂಪ್ಯೂಟರ್ ಬದಲಾಯಿಸಿದ್ದೇನೆ. ಪ್ರತಿ ಸಲವೂ ಹಳೆಯ ಡಿಸ್ಕಿನಲ್ಲಿದ್ದುದನ್ನೆಲ್ಲ ಹೊಸದಕ್ಕೆ ಸುರಿದು 'ಹಳೇ ಡಿ' ಎಂದು ಹೆಸರಿಟ್ಟೆ. ಆ 'ಹಳೇ ಡಿ'ಯೊಳಗೆ ಇನ್ನೊಂದು 'ಹಳೇ ಡಿ' ಇದೆ. ಅದರೊಳಗೆ ಏನಿದೆ ಎಂದು ನೋಡುವ ಧೈರ್ಯ ಬಂದಿಲ್ಲ. ಫೈಲ್ ಅಳಿಸಿಲ್ಲ ಎಂಬುದು ಖಂಡಿತ, ನಾನು ಏನನ್ನೂ ಅಳಿಸುವವನಲ್ಲ. ನೀವೆಲ್ಲ ಹಳೆಯ ಫೈಲುಗಳನ್ನು ಹೇಗೆ ಹುಡುಕಿ ತೆಗೆಯುತ್ತೀರಿ?

ಸರ್ವಿಸ್‌ಬೆಂಚು, ಚಿಕ್ಕಬಳ್ಳಾಪುರ
ಭಾನುವಾರ, ರಾತ್ರಿ 9:48

ಸ್ವಾಮಿ, ಮೊದಲು ನಿಮಗೆ ಟೀ ಕುಡಿಸಿದ ಆ ಹಸಿರು ಪಟ್ಟಿಯ ವಿಷಯ. ಪುಸ್ತಕದ ಕೊನೆಯಲ್ಲಿ ಪದಸೂಚಿ ಇರುವಂತೆ ವಿಂಡೋಸ್ ಕೂಡ ಹುಡುಕಾಟಕ್ಕೆಂದು ಒಂದು ಇಂಡೆಕ್ಸ್ ಬರೆದಿಟ್ಟುಕೊಳ್ಳುತ್ತದೆ. ನಾವಾಗಿ ಹೇಳದಿದ್ದರೆ ಅದಕ್ಕೆ ಸೇರುವುದು ಸಿ ಡ್ರೈವಿನಲ್ಲಿ ನಮ್ಮ ಹೆಸರಿನಡಿ ಇರುವ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಇಂಥವು ಮಾತ್ರ. ನಮ್ಮ ಕಡೆ ಅಲ್ಲಿ ಯಾರು ಇಡುತ್ತಾರೆ? ಕಂಪ್ಯೂಟರ್ ಜೋಡಿಸಿಕೊಡುವಾಗಲೇ ನಾವು ಡಿಸ್ಕನ್ನು ಸಿ, ಡಿ, ಇ ಎಂದು ಪಾಲು ಮಾಡಿ, "ಸಿ ಯಲ್ಲಿ ಏನೂ ಇಡಬೇಡಿ, ವಿಂಡೋಸ್ ಕೆಟ್ಟರೆ ಅದನ್ನು ಒರೆಸಬೇಕಾಗುತ್ತದೆ, ಡಿ ಉಳಿಯುತ್ತದೆ" ಎಂದು ಹೇಳಿ ಕಳುಹಿಸುತ್ತಿದ್ದೆವು. ಇಪ್ಪತ್ತು ವರ್ಷ ಇದನ್ನೇ ಹೇಳಿದ್ದೇನೆ, ಜನ ತಪ್ಪದೆ ಕೇಳಿದ್ದಾರೆ. ಊರಿನ ಕಾಗದಪತ್ರವೆಲ್ಲ ಇಂಡೆಕ್ಸ್ ಇಲ್ಲದ ಡಿ ಯಲ್ಲಿ ಕುಳಿತಿದೆ. ಅಲ್ಲಿ ಹುಡುಕಲು ಹೇಳಿದರೆ ವಿಂಡೋಸ್ ಜನಗಣತಿಯವರಂತೆ ಮನೆಮನೆಯ ಬಾಗಿಲು ತಟ್ಟಿಕೊಂಡು ಹೋಗುತ್ತದೆ. ಅದೂ ಬಾಗಿಲಲ್ಲೇ ನಿಂತು ಹೆಸರು ಕೇಳಿ ಮುಂದಕ್ಕೆ ಹೋಗುತ್ತದೆ, ಒಳಗೆ ಏನು ಬರೆದಿದೆ ಎಂದು ನೋಡುವುದಿಲ್ಲ. ನೋಡಬೇಕೆಂದರೆ ಫೋಲ್ಡರ್ ಆಯ್ಕೆಗಳಲ್ಲಿ ಅದನ್ನು ನೀವೇ ಗುರುತು ಹಾಕಬೇಕು, ಆಗ ಇನ್ನೂ ನಿಧಾನ.

ಎವ್ರಿಥಿಂಗ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಡಿಸ್ಕಿನಲ್ಲಿ ಯಾವ ಫೈಲ್ ಎಲ್ಲಿದೆ ಎಂಬ ಮೂಲ ಪಟ್ಟಿಯೊಂದು ಹೇಗಿದ್ದರೂ ಇದ್ದೇ ಇರುತ್ತದೆ. ಇದು ಅದನ್ನೇ ನೇರವಾಗಿ ಓದುತ್ತದೆ, ಲಕ್ಷ ಫೈಲ್ ಇದ್ದರೂ ಅಕ್ಷರ ಒತ್ತುತ್ತಿದ್ದಂತೆ ಹೆಸರು ತೋರಿಸುತ್ತದೆ. ನಿಮ್ಮ ಪತ್ರ 2006ರದ್ದು, ಅಂದರೆ ವರ್ಡ್ 2003ರ ಕಾಲ. ಹಾಗಾಗಿ ಹೆಸರಿನ ಬಾಲ 'ಡಾಕ್' ಇರುತ್ತದೆ. 'ಡಾಕ್ಸ್' ಬಂದದ್ದು ವರ್ಡ್ 2007ರಿಂದ. ದಿನಾಂಕ ನೋಡುವಾಗ 'ಕ್ರಿಯೇಟೆಡ್' ಎಂಬ ಸಾಲನ್ನು ನಂಬಬೇಡಿ, ಹೊಸ ಡಿಸ್ಕಿಗೆ ನಕಲು ಮಾಡಿದ ದಿನವನ್ನೇ ಅದು ಹುಟ್ಟಿದ ದಿನ ಎನ್ನುತ್ತದೆ. 'ಮಾಡಿಫೈಡ್' ನೋಡಿ.

ರೇಷ್ಮೆಗೂಡು, ಶಿಡ್ಲಘಟ್ಟ
ಭಾನುವಾರ, ರಾತ್ರಿ 10:05

ನೋಂದಣಿಯಾದ ಪತ್ರವಲ್ಲವೇ? ಉಪನೋಂದಣಾಧಿಕಾರಿ ಕಚೇರಿಯಲ್ಲಿ ದೃಢೀಕೃತ ನಕಲು ಸಿಗುತ್ತದೆ. ಕಂಪ್ಯೂಟರಿನಲ್ಲಿ ಏಕೆ ಹುಡುಕುತ್ತಿದ್ದೀರಿ?

ಛಾಪಾಕಾಗದ, ಚಿಂತಾಮಣಿ
ಭಾನುವಾರ, ರಾತ್ರಿ 10:20

ನಕಲಿಗೆ ಅರ್ಜಿ ಕೊಟ್ಟಾಗಿದೆ. ಅದು ಕಾಗದದ ನಕಲು. ಅದರಲ್ಲಿ ನಾಲ್ಕು ಪುಟ ಷೆಡ್ಯೂಲ್ ಇದೆ: ಹನ್ನೊಂದು ಸರ್ವೆ ನಂಬರು, ಎಕರೆ, ಗುಂಟೆ, ಖರಾಬು, ಪ್ರತಿಯೊಂದಕ್ಕೂ ನಾಲ್ಕು ದಿಕ್ಕಿನ ಚಕ್ಕುಬಂದಿ. ಮತ್ತೆ ಟೈಪ್ ಮಾಡಿದರೆ ಒಂದಲ್ಲ ಒಂದು ಕಡೆ 24 ಗುಂಟೆ 42 ಆಗುತ್ತದೆ, ಆಮೇಲೆ ತಿದ್ದುಪಡಿ ಪತ್ರ ಬರೆಯಬೇಕಾಗುತ್ತದೆ. ಫೈಲ್ ಸಿಕ್ಕಿದರೆ ಷೆಡ್ಯೂಲನ್ನು ಎತ್ತಿ ಇಟ್ಟುಕೊಂಡು ನಕಲಿನ ಜೊತೆ ತಾಳೆ ನೋಡಿದರೆ ಸಾಕು.

ಮಂಡಿಲೆಕ್ಕ, ಕೋಲಾರ
ಸೋಮವಾರ, ಬೆಳಿಗ್ಗೆ 5:30

ನಾನು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವವನು, ಈ ಹೊತ್ತಿಗೆ ಎದ್ದಿರುವವರು ನಾವೇ. ನಮ್ಮಲ್ಲಿ ಹೆಸರಿನ ತಂಟೆಯೇ ಇಲ್ಲ, ಎಲ್ಲವೂ ದಿನಾಂಕ. ರೈತ ಬಂದು ಕೇಳುವುದೂ ಹಾಗೆಯೇ: "ಗೌರಿ ಹಬ್ಬದ ಹಿಂದಿನ ದಿನ ನನ್ನ ಎಂಬತ್ತು ಬಾಕ್ಸ್ ಎಷ್ಟಕ್ಕೆ ಹೋಯಿತು?" ಹದಿನೈದು ಕೆಜಿಯ ಬಾಕ್ಸ್, ಆ ದಿನದ ದರ, ಕಮಿಷನ್, ಕೂಲಿ, ಎಲ್ಲ ಆ ದಿನದ ಎಕ್ಸೆಲ್ ಹಾಳೆಯಲ್ಲಿರುತ್ತದೆ.

ಮೊದಲು ನಾನೂ 15-8-2019 ಎಂದು ಬರೆಯುತ್ತಿದ್ದೆ. ಹೆಸರಿನ ಪ್ರಕಾರ ಜೋಡಿಸಿದರೆ ಎಲ್ಲ ತಿಂಗಳ 1ನೇ ತಾರೀಕುಗಳು ಒಂದು ಕಡೆ, ಎಲ್ಲ 2ನೇ ತಾರೀಕುಗಳು ಇನ್ನೊಂದು ಕಡೆ ಸಂತೆ ಸೇರುತ್ತಿದ್ದವು. ಈಗ ವರ್ಷ, ತಿಂಗಳು, ದಿನ ಎಂದು ತಿರುಗಿಸಿ 2019-08-15 ಎಂದು ಬರೆಯುತ್ತೇನೆ. ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಇದು ಅಂತರರಾಷ್ಟ್ರೀಯ ಮಾನಕವೂ ಹೌದಂತೆ, ಐಎಸ್‌ಒ 8601. ನನಗೆ ಅದು ತಿಳಿದದ್ದು ಆಮೇಲೆ, ಕಲಿಸಿದ್ದು ಮಂಡಿಯ ಬೈಗುಳ.

ಹಳೇಬೆರಳಚ್ಚು, ತುಮಕೂರು
ಸೋಮವಾರ, ಬೆಳಿಗ್ಗೆ 11:15

ನಿವೃತ್ತ ಬೆರಳಚ್ಚುಗಾರ ನಾನು. ವಿಂಡೋಸಿಗೂ ಹಿಂದಿನ ಡಾಸ್ ಕಾಲದಲ್ಲಿ ಫೈಲಿನ ಹೆಸರಿಗೆ ಎಂಟೇ ಅಕ್ಷರ, ಬಾಲಕ್ಕೆ ಮೂರು. ವಿಂಡೋಸ್ 95 ಬಂದ ಮೇಲೆ 255 ಅಕ್ಷರದವರೆಗೂ ಬರೆಯಬಹುದು ಎಂದರು. ಜನ 'ಹೊಸದು', 'ಹೊಸದು 2', 'ಕೊನೆಯದು', 'ನಿಜವಾಗಿ ಕೊನೆಯದು' ಎಂದು ಬರೆಯತೊಡಗಿದರು. ಎಂಟು ಅಕ್ಷರವಿದ್ದಾಗ ಯೋಚನೆ ಮಾಡಿ ಬರೆಯುತ್ತಿದ್ದೆವು. 'ಜಿಬಿ940127' ಎಂದರೆ ಗುಬ್ಬಿ, 94ನೇ ಇಸವಿ, ಆ ವರ್ಷದ 127ನೇ ಕಡತ. ಪಕ್ಕದಲ್ಲಿ ಕೆಂಪು ಬೆನ್ನಿನ ಒಂದು ರಿಜಿಸ್ಟರ್. ಆ ಸಂಖ್ಯೆ, ಯಾರದು, ಯಾವ ಫ್ಲಾಪಿ ಎಂದು ಶಾಯಿಯಲ್ಲಿ ಬರೆದಿಡುತ್ತಿದ್ದೆ. ಕರೆಂಟ್ ಇಲ್ಲದಿದ್ದರೂ ಫೈಲ್ ಎಲ್ಲಿದೆ ಎಂದು ಹೇಳಬಲ್ಲವನಾಗಿದ್ದೆ. ತೆಗೆದುಕೊಡಲು ಮಾತ್ರ ಕರೆಂಟ್ ಬರಬೇಕಿತ್ತು.

ವಿಂಡೋಸ್ ಎಕ್ಸ್‌ಪಿ ಕಾಲದ ಹುಡುಕಾಟ ಯಾರಿಗಾದರೂ ನೆನಪಿದೆಯೇ? ಮೂಲೆಯಲ್ಲಿ ಒಂದು ನಾಯಿ ಬಾಲ ಅಲ್ಲಾಡಿಸುತ್ತ ಕೂರುತ್ತಿತ್ತು. ನಮ್ಮ ಕಚೇರಿಯಲ್ಲಿ ಅದು ಏನನ್ನೂ ಹುಡುಕಿಕೊಟ್ಟದ್ದನ್ನು ನಾನು ಕಾಣೆ. ಮಕ್ಕಳು ಬಂದಾಗ ತೋರಿಸುತ್ತಿದ್ದೆವು.

ರೇಷ್ಮೆಗೂಡು, ಶಿಡ್ಲಘಟ್ಟ
ಸೋಮವಾರ, ಮಧ್ಯಾಹ್ನ 1:02

ನನ್ನ ಪದ್ಧತಿ ಹೇಳಿದರೆ ಬೈಯುತ್ತೀರಿ. ಎಲ್ಲವೂ ಡೆಸ್ಕ್‌ಟಾಪಿನ ಮೇಲೆ. ಹಿಂಬದಿಯ ಚಿತ್ರ ಯಾವುದೆಂದು ಮರೆತುಹೋಗಿದೆ, ಕಾಣುವುದೇ ಇಲ್ಲ. ಆದರೆ ಬ್ಯಾಂಕಿನ ಕಾಗದಗಳು ಎಡಗಡೆ ಕೆಳಗೆ, ರೇಷ್ಮೆ ಇಲಾಖೆಯ ಸಬ್ಸಿಡಿ ಅರ್ಜಿಗಳು ಬಲಗಡೆ ಮೇಲೆ. ಕೈ ತಾನಾಗಿ ಹೋಗುತ್ತದೆ. ಹೋದ ವರ್ಷ ಪರದೆಯ ರೆಸಲ್ಯೂಷನ್ ಬದಲಾಗಿ ಐಕಾನುಗಳೆಲ್ಲ ಎಡಕ್ಕೆ ಸರಿದು ಗುಂಪುಗೂಡಿದವು. ಯಾವುದೂ ಕಳೆದಿರಲಿಲ್ಲ. ಆದರೂ ಎರಡು ದಿನ ನನಗೆ ಯಾವುದೂ ಸಿಗಲಿಲ್ಲ.

ವರ್ಡ್ ಫೈಲಾದರೆ ಇತ್ತೀಚಿನವುಗಳ ಪಟ್ಟಿ ಇದೆಯಲ್ಲ, ಪಕ್ಕದಲ್ಲಿ ಗುಂಡುಪಿನ್ನಿನ ಗುರುತು. ಅದನ್ನು ಒತ್ತಿದರೆ ಆ ಫೈಲ್ ಪಟ್ಟಿಯಿಂದ ಜಾರುವುದಿಲ್ಲ. ನನ್ನ ನಿತ್ಯದ ಐದು ಫೈಲ್ ಹಾಗೆ ಚುಚ್ಚಿಟ್ಟಿದ್ದೇನೆ. ಅವು ಯಾವ ಫೋಲ್ಡರಿನಲ್ಲಿವೆ ಎಂದು ಕೇಳಬೇಡಿ.

ಸರ್ವಿಸ್‌ಬೆಂಚು, ಚಿಕ್ಕಬಳ್ಳಾಪುರ
ಸೋಮವಾರ, ಮಧ್ಯಾಹ್ನ 1:30

ಡೆಸ್ಕ್‌ಟಾಪ್ ಇರುವುದು ಸಿ ಡ್ರೈವಿನಲ್ಲಿ. ನಿಮ್ಮ ಕಂಪ್ಯೂಟರ್ ಕೆಟ್ಟ ದಿನ ಬೇರೆ ಅಂಗಡಿಗೆ ಹೋಗಿ. ನನ್ನ ಕೈಯಿಂದ ಆ ಪಾಪ ಬೇಡ.

ಓದುಕೋಣೆ, ತುಮಕೂರು
ಸೋಮವಾರ, ಸಂಜೆ 6:40

ರೇಷ್ಮೆಗೂಡು ಅವರನ್ನು ಬೈಯುವ ಮೊದಲು ಸ್ವಲ್ಪ ಕೇಳಿ. ನಾನು ಗ್ರಂಥಾಲಯ ವಿಜ್ಞಾನ ಓದುತ್ತಿರುವವಳು, ಇದು ನಮ್ಮ ಪಾಠದಲ್ಲೇ ಬರುತ್ತದೆ. 1983ರಲ್ಲಿ ಥಾಮಸ್ ಮ್ಯಾಲೋನ್ ಎಂಬವರು ಕಚೇರಿಗಳಿಗೆ ಹೋಗಿ ಜನ ತಮ್ಮ ಮೇಜಿನ ಮೇಲೆ ಕಾಗದ ಹೇಗೆ ಇಟ್ಟುಕೊಳ್ಳುತ್ತಾರೆ ಎಂದು ನೋಡಿದರು. ಕೆಲವರು ಹೆಸರು ಬರೆದ ಕಡತಗಳಲ್ಲಿ ಜೋಡಿಸುತ್ತಾರೆ, ಕೆಲವರು ರಾಶಿ ಹಾಕುತ್ತಾರೆ. ರಾಶಿ ಹಾಕುವುದು ಸೋಮಾರಿತನ ಮಾತ್ರವಲ್ಲ, ಕಣ್ಣೆದುರಿಗಿದ್ದರೆ ಕೆಲಸ ಬಾಕಿ ಇದೆ ಎಂಬುದನ್ನೂ ಆ ರಾಶಿಯೇ ನೆನಪಿಸುತ್ತದೆ ಎಂದು ಅವರು ಕಂಡುಕೊಂಡರು. 1995ರಲ್ಲಿ ಡೆಬೊರಾ ಬ್ಯಾರೋ ಮತ್ತು ಬಾನಿ ನಾರ್ಡಿ ಕಂಪ್ಯೂಟರ್ ಬಳಸುವವರಲ್ಲೂ ಇದನ್ನೇ ಕಂಡರು. ಹೆಸರು ಹೊಡೆದು ಹುಡುಕುವುದಕ್ಕಿಂತ, ಇಟ್ಟ ಜಾಗಕ್ಕೆ ಹೋಗಿ ಕಣ್ಣಾಡಿಸುವುದೇ ಜನರಿಗೆ ಇಷ್ಟ.

ಹುಡುಕುವ ತಂತ್ರಾಂಶ ಆಗ ಚೆನ್ನಾಗಿರಲಿಲ್ಲ, ಅದಕ್ಕೇ ಹಾಗೆ ಎನ್ನಬಹುದು. ಆಮೇಲೆ ಚೆನ್ನಾಗಿಯೇ ಬಂತು: 2004ರಲ್ಲಿ ಗೂಗಲ್ ಡೆಸ್ಕ್‌ಟಾಪ್, 2005ರಲ್ಲಿ ಮ್ಯಾಕ್‌ನ ಸ್ಪಾಟ್‌ಲೈಟ್, 2007ರಲ್ಲಿ ವಿಂಡೋಸ್ ವಿಸ್ತಾದೊಳಗೇ ಹುಡುಕಾಟ. ಇಸ್ರೇಲಿನ ಓಫರ್ ಬರ್ಗ್‌ಮನ್ ಮತ್ತು ಜೊತೆಗಾರರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಳ್ಳೆಯ ಹುಡುಕುಯಂತ್ರ ಕೈಯಲ್ಲಿದ್ದರೂ ಜನ ಫೋಲ್ಡರುಗಳ ದಾರಿಯಲ್ಲೇ ಹೋಗುತ್ತಿದ್ದರು. ಎಲ್ಲಿಟ್ಟೆ ಎಂಬುದು ಸಂಪೂರ್ಣ ಮರೆತಾಗ ಮಾತ್ರ ಹುಡುಕುವ ಪೆಟ್ಟಿಗೆ. 2015ರಲ್ಲಿ ಮಿದುಳಿನ ಸ್ಕ್ಯಾನ್ ಮಾಡಿಯೂ ನೋಡಿದರು. ಫೋಲ್ಡರ್ ತೆರೆದು ತೆರೆದು ಹೋಗುವಾಗ ಕೆಲಸ ಮಾಡುವುದು ನಾವು ಊರಿನಲ್ಲಿ ದಾರಿ ಹಿಡಿದು ನಡೆಯುವಾಗ ಕೆಲಸ ಮಾಡುವ ಭಾಗಗಳೇ. ಪದ ಹೊಡೆದು ಹುಡುಕುವಾಗ ಭಾಷೆಯ ಭಾಗ ದುಡಿಯುತ್ತದೆ. ಫೋಲ್ಡರಿನ ದಾರಿ ಹಿಡಿದವನಿಗೆ ಫೋನಿನಲ್ಲಿ ಮಾತನಾಡಲು ಬಾಯಿ ಬಿಡುವಾಗಿರುತ್ತದೆ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

ಹಳೇಬೆರಳಚ್ಚು, ತುಮಕೂರು
ಸೋಮವಾರ, ರಾತ್ರಿ 8:15

ತಾಯಿ, ನೀವು ಹೇಳಿದ್ದು ಸರಿ. ಆದರೆ ಅವರೆಲ್ಲ ಇಂಗ್ಲಿಷಿನಲ್ಲಿ ಬರೆದಿಟ್ಟವರು. ಹುಡುಕಿದರೆ ಸಿಗುತ್ತದೆ, ಆದರೂ ನಡೆದು ಹೋಗುತ್ತಾರೆ. ನಮಗೆ ಹುಡುಕಿದರೆ ಸಿಗುವುದೇ ಇಲ್ಲ, ಅದಕ್ಕೇ ನಡೆಯುತ್ತೇವೆ. ಪತ್ರಬರಹಗಾರರೇ, ನೀವು 2006ರಲ್ಲಿ ಟೈಪ್ ಮಾಡಿದ್ದು ನುಡಿ ಎಂಬ ಕನ್ನಡ ತಂತ್ರಾಂಶದಲ್ಲೇ ಅಲ್ಲವೇ?

ಹಾಗಿದ್ದರೆ ಆ ಫೈಲಿನಲ್ಲಿ ಕನ್ನಡ ಇಲ್ಲ. ಕಣ್ಣಿಗೆ ಕಾಣುವುದು ಕನ್ನಡ, ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳು ಮತ್ತು ಚಿಹ್ನೆಗಳು. ಆ ಕಾಲದ ಫಾಂಟುಗಳೆಲ್ಲ ಹಾಗೆಯೇ ಇದ್ದವು, ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಕನ್ನಡದ ಚಿತ್ರವನ್ನು ಕೂರಿಸುತ್ತಿದ್ದರು. ನುಡಿಯಲ್ಲಿ ತ ಬರೆದರೆ ಒಳಗೆ ಚಿಕ್ಕ ವಿ, ಕ ಬರೆದರೆ ದೊಡ್ಡ ಪಿ, ರ ಬರೆದರೆ ಚಿಕ್ಕ ಜಿ. ನ ಎಂದರೆ ಪೌಂಡ್ ಚಿಹ್ನೆ, ಪ ಎಂದರೆ ಜಪಾನಿನ ಯೆನ್. ಒಂದು ವಿಭಾಗಪತ್ರದಲ್ಲಿ ಎಷ್ಟು ದೇಶದ ದುಡ್ಡು ಓಡಾಡುತ್ತದೆ ನೋಡಿ. ಈಗ ನೀವು ಯೂನಿಕೋಡಿನಲ್ಲಿ, ಅಂದರೆ ಕನ್ನಡ ಅಕ್ಷರಕ್ಕೇ ಸ್ವಂತ ಮನೆ ಇರುವ ಈಗಿನ ಪದ್ಧತಿಯಲ್ಲಿ, 'ಚಿಂತಾಮಣಿ' ಎಂದು ಹೊಡೆದು ಹುಡುಕಿದರೆ, ಆ ಫೈಲಿನ ಮಟ್ಟಿಗೆ ನೀವು ಬೇರೆ ಲಿಪಿಯಲ್ಲಿ ಕೂಗುತ್ತಿದ್ದೀರಿ.

ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ 1991ರ ಮೊದಲ ಆವೃತ್ತಿಯಲ್ಲೇ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟೂ ಬಂತು. ಆದರೆ ಡಿಟಿಪಿ ಅಂಗಡಿಗಳಲ್ಲಿ ಇದ್ದದ್ದು ಪುಟ ಜೋಡಿಸುವ ಪೇಜ್‌ಮೇಕರ್, ಅದಕ್ಕೆ ಯೂನಿಕೋಡ್ ಬಾರದು. ಕಚೇರಿಯಲ್ಲಿ ಬೆರಳಿಗೆ ರೂಢಿಯಾದದ್ದನ್ನು ಯಾರೂ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಒಂದು ಉಪಾಯವಿದೆ. ನುಡಿಯನ್ನು ಯೂನಿಕೋಡ್ ಅಲ್ಲದ ಹಳೆಯ ಆಸ್ಕಿ ರೀತಿಗೆ ಇಟ್ಟುಕೊಂಡು ಹುಡುಕುವ ಪೆಟ್ಟಿಗೆಯಲ್ಲಿ ಟೈಪ್ ಮಾಡಿ. ಪೆಟ್ಟಿಗೆಯಲ್ಲಿ ಕಲಸುಮೇಲೋಗರ ಕಾಣುತ್ತದೆ, ಹೆದರಬೇಡಿ. ಫೈಲಿನೊಳಗೂ ಅದೇ ಕಲಸುಮೇಲೋಗರ ಇರುವುದರಿಂದ ತಾಳೆಯಾಗುತ್ತದೆ. ಎಲ್ಲ ಪದಕ್ಕೂ ಆಗುವುದಿಲ್ಲ. ಪ, ನ ಬಂದ ಕಡೆ ಯೆನ್ನು, ಪೌಂಡು ಅಡ್ಡ ಬಂದು, ಅಲ್ಲಿಗೆ ಪದ ಮುಗಿಯಿತು ಎಂದು ಹುಡುಕಾಟ ತಿಳಿಯಬಹುದು. ತ, ಕ, ರ, ಮ ಇರುವ ಊರಿನ ಹೆಸರಾದರೆ ಅದೃಷ್ಟ.

ಮಂಡಿಲೆಕ್ಕ, ಕೋಲಾರ
ಸೋಮವಾರ, ರಾತ್ರಿ 8:31

ಯಜಮಾನರೇ, ಈ ಯೆನ್ನಿನ ವಿಷಯ ಮೊದಲೇ ಗೊತ್ತಿದ್ದರೆ ನನ್ನ ಒಂದು ವಾರ ಉಳಿಯುತ್ತಿತ್ತು.

ಓದುಕೋಣೆ, ತುಮಕೂರು
ಸೋಮವಾರ, ರಾತ್ರಿ 9:20

ಒಪ್ಪಿದೆ ಸರ್, ಆ ಅಧ್ಯಯನಗಳಲ್ಲಿ ನಾವು ಇಲ್ಲ. ಯೂನಿಕೋಡ್ ಬಂದ ಮೇಲೆ ಎಲ್ಲ ಸರಿಹೋಯಿತು ಎಂದೂ ಅಲ್ಲ. ಕೆಲವು ಕೀಲಿಮಣೆಗಳು ಪದದ ಕೊನೆಯ ಅರ್ಧಾಕ್ಷರದ ನಂತರ ಅಗಲವೇ ಇಲ್ಲದ, ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ನನ್ನ ಒಂದೇ ಫೋಲ್ಡರಿನಲ್ಲಿ 'ಬಜೆಟ್' ಎಂಬ ಹೆಸರಿನ ಎರಡು ಫೈಲುಗಳಿವೆ. ನೋಡಲು ಅವಳಿಜವಳಿ. ಕಂಪ್ಯೂಟರಿಗೆ ಅವು ಬೇರೆ ಬೇರೆ ಹೆಸರು.

ಅದಕ್ಕೆ ಹೆದರಿ ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಟ್ಟರೆ ಇನ್ನೊಂದು ಕಥೆ. 'ವಿಭಾಗ' ಎಂಬುದಕ್ಕೆ ಒಮ್ಮೆ ಎಚ್ ಹಾಕುತ್ತೇವೆ, ಒಮ್ಮೆ ಬಿಡುತ್ತೇವೆ. ಚಿಕ್ಕಬಳ್ಳಾಪುರವನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಬರೆಯುತ್ತಾರೆ ಎಂದು ಬಸ್ ಬೋರ್ಡು, ಅಂಗಡಿ ಬೋರ್ಡು ನೋಡಿದರೆ ಸಾಕು. ನಮ್ಮ ಊರು 2014ರ ನವೆಂಬರ್ 1ರವರೆಗೆ ಇಂಗ್ಲಿಷಿನಲ್ಲಿ 'ತುಮ್ಕೂರ್' ಇತ್ತು, ಅಂದಿನಿಂದ 'ತುಮಕೂರು' ಆಯಿತು. ಹೊಸ ಕಾಗುಣಿತದಲ್ಲಿ ಹುಡುಕಿದರೆ ಹಳೆಯ ಫೈಲುಗಳು ತುಟಿ ಬಿಚ್ಚುವುದಿಲ್ಲ.

ಸೀಮೆಸುಣ್ಣ, ಗೌರಿಬಿದನೂರು
ಸೋಮವಾರ, ರಾತ್ರಿ 10:12

ಶಾಲೆಯಲ್ಲಿ ಕಂಪ್ಯೂಟರ್ ಕೋಣೆ ನನ್ನ ತಲೆಗೆ ಕಟ್ಟಿದ್ದಾರೆ. ಎಂಟನೇ ತರಗತಿಯ ಹುಡುಗಿಯನ್ನು "ನಿನ್ನ ಫೈಲ್ ಎಲ್ಲಿಟ್ಟಿದ್ದೀಯ?" ಎಂದು ಕೇಳಿದೆ. "ವರ್ಡ್‌ನಲ್ಲಿ ಇದೆ ಮಿಸ್" ಎಂದಳು. ಫೋಲ್ಡರ್ ಎಂದರೆ ಏನೆಂದು ಅವಳಿಗೆ ಗೊತ್ತಿಲ್ಲ, ಗೊತ್ತಿರಬೇಕಾದ ಕಾರಣವೂ ಇಲ್ಲ. ಫೋನಿನಲ್ಲಿ ಫೋಟೋ ಇರುವುದು ಗ್ಯಾಲರಿಯಲ್ಲಿ, ಹಾಡು ಇರುವುದು ಹಾಡಿನ ಆ್ಯಪಿನಲ್ಲಿ. ಜಾಗ ಎಂಬುದೇ ಅವಳ ಲೋಕದಲ್ಲಿ ಇಲ್ಲ. ಕೊನೆಗೆ ಕಪಾಟು, ಅಟ್ಟ, ಅಟ್ಟದ ಮೇಲಿನ ಟ್ರಂಕು, ಟ್ರಂಕಿನೊಳಗಿನ ಸೀರೆ ಎಂದು ಹೇಳಿಕೊಟ್ಟೆ. "ನಮ್ಮ ಮನೆಯಲ್ಲಿ ಅಟ್ಟ ಇಲ್ಲ ಮಿಸ್" ಎಂದಳು.

ನಗಬೇಡಿ, ನಾವು ಶಿಕ್ಷಕರೂ ಅಷ್ಟೇ. ಪ್ರಶ್ನೆಪತ್ರಿಕೆ ಬೇಕಾದರೆ ಯಾರೂ ಕಂಪ್ಯೂಟರಿನಲ್ಲಿ ಹುಡುಕುವುದಿಲ್ಲ. ಅದನ್ನು ಯಾರು ಕಳುಹಿಸಿದ್ದರು ಎಂದು ನೆನಪಿಸಿಕೊಂಡು ವಾಟ್ಸ್‌ಆ್ಯಪಿನಲ್ಲಿ ಅವರ ಮಾತುಕತೆ ತೆರೆದು ಮೇಲಕ್ಕೆ ಎಳೆಯುತ್ತೇವೆ. ಮತ್ತೆ ಇಳಿಸಿಕೊಳ್ಳುತ್ತೇವೆ. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಅದೇ ಪ್ರಶ್ನೆಪತ್ರಿಕೆ ಆವರಣದೊಳಗೆ 1, 2, 3 ಎಂದು ಏಳರವರೆಗೆ ಸಾಲಾಗಿ ನಿಂತಿದೆ. ತಿದ್ದಿದ್ದು ಯಾವುದು ಎಂದು ಆ ಏಳಕ್ಕೂ ಗೊತ್ತಿಲ್ಲ.

ಛಾಪಾಕಾಗದ, ಚಿಂತಾಮಣಿ
ಮಂಗಳವಾರ, ಮಧ್ಯಾಹ್ನ 2:45

ಎಲ್ಲರಿಗೂ ನಮಸ್ಕಾರ. ಎವ್ರಿಥಿಂಗ್ ಹಾಕಿದೆ. ಅದರ ವೇಗ ಕಂಡು ದಂಗಾದೆ. 'ವಿಭಾಗ' ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ಸಾವಿರಕ್ಕೂ ಹೆಚ್ಚು ಸಾಲು. ಹೆಸರು ನೋಡಿ: ವಿಭಾಗ 1, ವಿಭಾಗ 2, ವಿಭಾಗ 3, ಮತ್ತೆ ವಿಭಾಗ 1, ಮತ್ತೆ ವಿಭಾಗ 2. ಆ ಕಾಲದ ನನ್ನ ಪದ್ಧತಿ ನೆನಪಾಯಿತು. ಹೋಬಳಿಗೆ ಒಂದು ಫೋಲ್ಡರ್, ಅದರಲ್ಲಿ ಹಳ್ಳಿಗೆ ಒಂದು ಫೋಲ್ಡರ್, ಅದರಲ್ಲಿ ಫೈಲಿಗೆ ಬರೀ ವಿಭಾಗ 3. ಯಾರದು ಎಂಬುದೆಲ್ಲ ಫೋಲ್ಡರಿನ ದಾರಿಯಲ್ಲಿತ್ತು. 2006ರಲ್ಲಿ ಬದಲಾದವು ಎಂದು ಸೋಸಿದೆ, ಆಗಲೂ ನೂರಾರು. ನಲವತ್ತು ತೆರೆದು ನೋಡಿ ಸುಸ್ತಾದೆ.

ನುಡಿಯಲ್ಲಿ ಹಳ್ಳಿಯ ಹೆಸರು ಹೊಡೆದೂ ನೋಡಿದೆ. ಹೆಸರಿನ ನಡುವೆ ಪ ಇದೆ. ಯೆನ್ ಅಡ್ಡ ಬಂತು.

ಹಳೇಬೆರಳಚ್ಚು, ತುಮಕೂರು
ಮಂಗಳವಾರ, ಮಧ್ಯಾಹ್ನ 3:20

ಹೇಳಬಾರದು, ಆದರೂ ಹೇಳುತ್ತೇನೆ. ಪತ್ರ ಬರೆಯುವವರು ಹೊಸದನ್ನು ಶುರುವಿನಿಂದ ಬರೆಯುವುದಿಲ್ಲ. ಹಳೆಯ ಪತ್ರ ತೆರೆದು ಹೆಸರು, ಸರ್ವೆ ನಂಬರು ಬದಲಾಯಿಸುತ್ತಾರೆ. ಅವಸರದಲ್ಲಿ 'ಸೇವ್ ಆ್ಯಸ್' ಬದಲು 'ಸೇವ್' ಒತ್ತಿದ್ದರೆ ಆ ಹಿರಿಯರ ಪತ್ರದ ಮೇಲೆಯೇ ಇನ್ನೊಬ್ಬರದು ಕುಳಿತಿರುತ್ತದೆ. ನೀವು ಏನನ್ನೂ ಅಳಿಸುವವರಲ್ಲ ಎಂದಿರಿ. ಅಳಿಸದೆಯೂ ಅಳಿಸಬಹುದು.

ಛಾಪಾಕಾಗದ, ಚಿಂತಾಮಣಿ
ಮಂಗಳವಾರ, ಮಧ್ಯಾಹ್ನ 3:24

ಯಜಮಾನರೇ, ನಿನ್ನೆ ರಾತ್ರಿ ಎರಡು ಗಂಟೆಗೆ ನನಗೂ ಅದೇ ಹೊಳೆದು ಎದ್ದು ಕುಳಿತಿದ್ದೆ.

ಸರ್ವಿಸ್‌ಬೆಂಚು, ಚಿಕ್ಕಬಳ್ಳಾಪುರ
ಮಂಗಳವಾರ, ಸಂಜೆ 5:05

2006 ಎಂದು ಮಾತ್ರ ಸೋಸಬೇಡಿ. ಆಮೇಲೆ ಯಾವಾಗಲಾದರೂ ಅವರಿಗೆ ಇನ್ನೊಂದು ಪ್ರತಿ ಪ್ರಿಂಟ್ ಮಾಡಿಕೊಟ್ಟಿದ್ದೀರಾ? ಪ್ರಿಂಟ್ ಮಾಡಿ ಮುಚ್ಚುವಾಗ ಒಮ್ಮೊಮ್ಮೆ ವರ್ಡ್ "ಬದಲಾವಣೆ ಉಳಿಸಬೇಕೇ?" ಎಂದು ಕೇಳುತ್ತದೆ. ಹೌದು ಎಂದಿದ್ದರೆ ದಿನಾಂಕ ಆ ದಿನದ್ದಾಗುತ್ತದೆ.

ಮಂಡಿಲೆಕ್ಕ, ಕೋಲಾರ
ಮಂಗಳವಾರ, ಸಂಜೆ 7:50

ನನಗೆ ಈ ಕಾನೂನು ಗೊತ್ತಿಲ್ಲ. ಒಂದು ಪ್ರಶ್ನೆ ಮಾತ್ರ. ಹೋಬಳಿ ಫೋಲ್ಡರಿನ ಮೇಲೆ ಯಾವ ಫೋಲ್ಡರ್ ಇತ್ತು? ಜಿಲ್ಲೆಯ ಹೆಸರಿನದು ಇತ್ತೇ? 2006ರಲ್ಲಿ ಚಿಂತಾಮಣಿ ನಿಮ್ಮದಲ್ಲ ಸ್ವಾಮಿ, ನಮ್ಮದು. ಚಿಕ್ಕಬಳ್ಳಾಪುರ ಜಿಲ್ಲೆ ಆದದ್ದು 2007ರಲ್ಲಿ.

ಛಾಪಾಕಾಗದ, ಚಿಂತಾಮಣಿ
ಮಂಗಳವಾರ, ರಾತ್ರಿ 10:58

ಮಂಡಿಲೆಕ್ಕ ಅವರೇ, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು.

ಆ ಸಾಲು ಓದಿದ ತಕ್ಷಣ ಮಳಿಗೆಗೆ ವಾಪಸು ಹೋಗಿ ಷಟರ್ ಎತ್ತಿದೆ. ಜಿಲ್ಲೆ ಬೇರೆಯಾದ ಮೇಲೆ ನಾನೇ ಶ್ರದ್ಧೆಯಿಂದ 'ಚಿಕ್ಕಬಳ್ಳಾಪುರ' ಎಂದು ಹೊಸ ಫೋಲ್ಡರ್ ಮಾಡಿ, ಅದರಲ್ಲಿ ಹೋಬಳಿಗಳನ್ನೆಲ್ಲ ಹೊಸದಾಗಿ ಜೋಡಿಸಿದ್ದೆ. ಕೈವಾರ ಎಂದರೆ ನನ್ನ ಕೈ ಈಗ ಆ ಫೋಲ್ಡರಿಗೇ ಹೋಗುತ್ತದೆ. ಮೂರು ದಿನವೂ ಅಲ್ಲಿಗೇ ಹೋಗಿ ಅಲ್ಲಿಂದಲೇ ಬರಿಗೈಯಲ್ಲಿ ಬಂದೆ. ಹಿಂದಿನದು 'ಕೋಲಾರ ಡಿಟಿ' (ಡಿಟಿ ಎಂದರೆ ಡಿಸ್ಟ್ರಿಕ್ಟ್) ಎಂಬ ಹೆಸರಿನಲ್ಲಿತ್ತು, ಅದು ಈಗಿನ ಡ್ರೈವಿನಲ್ಲಿ ಕಾಣುವುದಿಲ್ಲ. 'ಹಳೇ ಡಿ'ಯೊಳಗಿನ 'ಹಳೇ ಡಿ'ಯೊಳಗೆ ಹೋದೆ. ಕೋಲಾರ ಡಿಟಿ, ಕೈವಾರ ಹೋಬಳಿ, ಆ ಹಳ್ಳಿ. ಒಳಗೆ ಮೂರು ಫೈಲ್. ಹುಡುಕಲಿಲ್ಲ, ನಡೆದುಹೋದೆ. ಬಲಕ್ಕೆ ತಿರುಗು, ಎಡಕ್ಕೆ ತಿರುಗು ಎಂದು ಯಾರೂ ಹೇಳಬೇಕಾಗಲಿಲ್ಲ.

ವಿಭಾಗ 2 ಅವರದೇ. ಬದಲಾದ ದಿನಾಂಕ 2008ರದ್ದು, ಸರ್ವಿಸ್‌ಬೆಂಚು ಹೇಳಿದಂತೆಯೇ. ಬ್ಯಾಂಕಿನ ಸಾಲಕ್ಕೆಂದು ಒಂದು ಪ್ರತಿ ಪ್ರಿಂಟ್ ಕೊಟ್ಟಿದ್ದೆ, ಈಗ ನೆನಪಿಗೆ ಬಂತು.

ತೆರೆದರೆ ಪುಟದ ತುಂಬ ವಿ, ಪಿ, ಜಿ, ಪೌಂಡು, ಯೆನ್ನು. ಈ ಹೊಸ ಕಂಪ್ಯೂಟರಿನಲ್ಲಿ ಹಳೆಯ ನುಡಿ ಫಾಂಟುಗಳಿಲ್ಲ.

ಹಳೇಬೆರಳಚ್ಚು, ತುಮಕೂರು
ಮಂಗಳವಾರ, ರಾತ್ರಿ 11:06

ಗಾಬರಿಯಾಗಬೇಡಿ. ಎಲ್ಲವನ್ನೂ ಆಯ್ಕೆ ಮಾಡಿ ನುಡಿ ಫಾಂಟ್ ಹಾಕಿದರೆ ಕನ್ನಡ ಎದ್ದು ಕೂರುತ್ತದೆ. ಫಾಂಟ್ ಹಳೆಯ ಕಂಪ್ಯೂಟರಿನ ಫಾಂಟ್ಸ್ ಫೋಲ್ಡರಿನಿಂದಲೂ ತರಬಹುದು. ಯೂನಿಕೋಡಿಗೆ ಪರಿವರ್ತಿಸುವುದಾದರೆ ಮೊದಲು ಮೂಲ ಫೈಲನ್ನು ಬೇರೆ ಕಡೆ ಇಟ್ಟುಕೊಳ್ಳಿ. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರಗಳು ಒಮ್ಮೊಮ್ಮೆ ದಾರಿ ತಪ್ಪುತ್ತವೆ. ಅಂಕಿಗಳನ್ನು ಒಂದೊಂದಾಗಿ ತಾಳೆ ನೋಡಿ.

ಛಾಪಾಕಾಗದ, ಚಿಂತಾಮಣಿ
ಬುಧವಾರ, ಮಧ್ಯಾಹ್ನ 12:30

ಫಾಂಟ್ ಬಂತು, ಕನ್ನಡ ಬಂತು. ಹನ್ನೊಂದು ಸರ್ವೆ ನಂಬರೂ ಇವೆ. ಹಿರಿಯರನ್ನು ಕರೆಸಿ ಪರದೆಯ ಮೇಲೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದರು. ತಮ್ಮಂದಿರಲ್ಲಿ ಒಬ್ಬರು ಈಗಿಲ್ಲವಂತೆ, ಆ ಹೆಸರಿನ ಹತ್ತಿರ ಸ್ವಲ್ಪ ಹೊತ್ತು ನಿಂತರು. ಆಮೇಲೆ, "ಇದರಲ್ಲಿ ಕೋಲಾರ ಜಿಲ್ಲೆ ಎಂದಿದೆಯಲ್ಲ, ತಿದ್ದಿಬಿಡು" ಎಂದರು. "ಹಳೆಯದು ಹಾಗೆಯೇ ಇರಬೇಕು ತಾತ, ಹೊಸ ಪತ್ರದಲ್ಲಿ ಚಿಕ್ಕಬಳ್ಳಾಪುರ ಎಂದು ಬರೆಯುತ್ತೇನೆ" ಎಂದೆ. ಚಕ್ಕುಬಂದಿಯಲ್ಲಿ ಪೂರ್ವದ ಜಮೀನಿನವರು ಮಾರಿ ಹೋಗಿದ್ದಾರೆ, ಅದನ್ನು ವಿಚಾರಿಸಿ ಬರೆಯಬೇಕು.

ಸರ್ವಿಸ್‌ಬೆಂಚು, ಚಿಕ್ಕಬಳ್ಳಾಪುರ
ಬುಧವಾರ, ಮಧ್ಯಾಹ್ನ 12:41

ದಾನಪತ್ರಕ್ಕೆ ಒಂದು ಅಕ್ಷರ ಹೊಡೆಯುವ ಮೊದಲು 'ಸೇವ್ ಆ್ಯಸ್' ಒತ್ತಿ ಸ್ವಾಮಿ.

ಛಾಪಾಕಾಗದ, ಚಿಂತಾಮಣಿ
ಬುಧವಾರ, ಮಧ್ಯಾಹ್ನ 1:15

ಒತ್ತಿದ್ದೇನೆ. ಏನು ಹೆಸರಿಡಲಿ ಎಂದು ಅರ್ಧ ಗಂಟೆಯಿಂದ ಕುಳಿತಿದ್ದೇನೆ.